ನನ್ನ ಫೋನಿನಲ್ಲಿ ಸರಿ, ಗೆಳತಿಯ ಫೋನಿನಲ್ಲಿ ಹಳದಿ ಪಟ್ಟೆ

ಪ್ರಶ್ನೆ: ಫ್ಲಟರ್‌ನಲ್ಲಿ (ಆ್ಯಪ್ ಕಟ್ಟುವ ಸಾಧನ) ನೋಂದಣಿ ಅರ್ಜಿಯ ಪುಟವೊಂದನ್ನು ಮಾಡಿದ್ದೇನೆ. ನನ್ನ ಫೋನಿನಲ್ಲಿ ಅಚ್ಚುಕಟ್ಟಾಗಿದೆ. ಗೆಳತಿಯ ಚಿಕ್ಕ ಫೋನಿನಲ್ಲಿ ಕೀಬೋರ್ಡ್ ತೆರೆದ ಕೂಡಲೇ ಕೆಳಗೆ ಹಳದಿ-ಕಪ್ಪು ಪಟ್ಟೆ ಕಾಣಿಸಿಕೊಂಡು, ಇಷ್ಟು ಪಿಕ್ಸೆಲ್ ಹೊರಗೆ ಹೋಯಿತು ಎನ್ನುತ್ತದೆ. ಎತ್ತರ ತಗ್ಗಿಸಿದರೆ ನನ್ನ ಫೋನಿನಲ್ಲಿ ಅಂದ ಕೆಡುತ್ತದೆ.
– ಎಂಸಿಎ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಎತ್ತರದ ಅಂಕಿಗಳನ್ನು ತಿದ್ದುವುದನ್ನು ಮೊದಲು ನಿಲ್ಲಿಸಿ. ತೊಂದರೆಯ ಬೇರು ಅಲ್ಲೇ ಇದೆ. ಕೀಬೋರ್ಡ್ ಮೇಲೆ ಬಂದಾಗ ಸ್ಕ್ಯಾಫೋಲ್ಡ್ (ಇಡೀ ಪುಟದ ಚೌಕಟ್ಟು) ತನ್ನೊಳಗಿನ ಜಾಗವನ್ನು ಅಷ್ಟೇ ಕಡಿಮೆ ಮಾಡಿಕೊಳ್ಳುತ್ತದೆ. ಆದರೆ ಖಾನೆಗಳನ್ನು ಒಂದರ ಕೆಳಗೊಂದು ಜೋಡಿಸುವ ಕಾಲಮ್ ತನ್ನ ಮಕ್ಕಳನ್ನು, ಅಂದರೆ ಒಳಗಿಟ್ಟ ಭಾಗಗಳನ್ನು, ಕುಗ್ಗಿಸುವುದೂ ಇಲ್ಲ, ಸರಿಸುವುದೂ ಇಲ್ಲ. ಎಲ್ಲದರ ಎತ್ತರ ಕೂಡಿಸಿ ಜಾಗ ಸಾಲದಿದ್ದರೆ ಉಳಿದದ್ದು ಹೊರಗೆ ಚೆಲ್ಲುತ್ತದೆ.

ಹುಡುಕಿದರೆ ಮೊದಲು ಸಿಗುವ ಸಲಹೆ, ಸ್ಕ್ಯಾಫೋಲ್ಡ್ ಹೀಗೆ ಜಾಗ ಕಡಿಮೆ ಮಾಡಿಕೊಳ್ಳುವುದನ್ನು ನಿಯಂತ್ರಿಸುವ ‘ರೀಸೈಜ್‌ಟುಅವಾಯ್ಡ್‌ಬಾಟಮ್‌ಇನ್‌ಸೆಟ್’ ಅನ್ನು ಫಾಲ್ಸ್ ಮಾಡಿ ಎಂಬುದು. ಮಾಡಬೇಡಿ. ಪಟ್ಟೆ ಹೋಗುತ್ತದೆ ನಿಜ, ಆದರೆ ಬಳಕೆದಾರರು ಬರೆಯುತ್ತಿರುವ ಖಾನೆಯೇ ಕೀಬೋರ್ಡಿನ ಹಿಂದೆ ಅಡಗುತ್ತದೆ. ಅಂದಹಾಗೆ, ಆ ಪಟ್ಟೆ ಕಾಣುವುದು ಡೀಬಗ್ (ದೋಷ ಹುಡುಕಲು ಬಳಸುವ) ಆವೃತ್ತಿಯಲ್ಲಿ ಮಾತ್ರ. ಬಿಡುಗಡೆಯ ಆವೃತ್ತಿಯಲ್ಲಿ ಪಟ್ಟೆ ಇರುವುದಿಲ್ಲ, ತೊಂದರೆ ಇದ್ದೇ ಇರುತ್ತದೆ.

ಖಾನೆಗಳನ್ನೆಲ್ಲ ಸರಿಸಿ ನೋಡಬಲ್ಲ ಸಿಂಗಲ್‌ಚೈಲ್ಡ್‌ಸ್ಕ್ರೋಲ್‌ವ್ಯೂ ಒಳಗೆ ಹಾಕಿ. ‘ಸಲ್ಲಿಸಿ’ ಬಟನ್ ಅನ್ನು ತಳಕ್ಕೆ ತಳ್ಳಲು ನೀವು ಸ್ಪೇಸರ್ (ಉಳಿದ ಜಾಗವನ್ನೆಲ್ಲ ತುಂಬುವ ಖಾಲಿ ಭಾಗ) ಬಳಸಿದ್ದರೆ ಆಗ ಹೊಸ ದೋಷ ಎದುರಾಗುತ್ತದೆ: ಸ್ಕ್ರೋಲ್ ಒಳಗೆ ಎತ್ತರಕ್ಕೆ ಮಿತಿಯೇ ಇಲ್ಲ, ಮಿತಿಯಿಲ್ಲದ ಜಾಗದಲ್ಲಿ ‘ಉಳಿದದ್ದೆಲ್ಲ ನನಗೆ’ ಎಂದು ಕೇಳಲು ಆಗುವುದಿಲ್ಲ. ಆದ್ದರಿಂದ ಬಟನ್ ಅನ್ನು ಸ್ಕ್ರೋಲ್‌ನಿಂದ ಹೊರಗಿಡಿ. ಹೊರಗೊಂದು ಕಾಲಮ್, ಅದರಲ್ಲಿ ಮೊದಲು ಎಕ್ಸ್‌ಪ್ಯಾಂಡೆಡ್ (ಉಳಿದ ಜಾಗವನ್ನು ಒಳಗಿನದಕ್ಕೆ ಕೊಡುವ ಹೊದಿಕೆ), ಅದರೊಳಗೆ ಸ್ಕ್ರೋಲ್, ಕೆಳಗೆ ಬಟನ್. ಕೀಬೋರ್ಡ್ ಬಂದರೆ ಖಾನೆಗಳ ಭಾಗ ಕಿರಿದಾಗಿ ಸರಿಯುತ್ತದೆ, ಬಟನ್ ಕೀಬೋರ್ಡಿನ ನೆತ್ತಿಯ ಮೇಲೆ ಬಂದು ಕೂರುತ್ತದೆ. ಕಾಲಮ್‌ನೊಳಗೆ ಲಿಸ್ಟ್‌ವ್ಯೂ (ಸರಿಸಿ ನೋಡುವ ಪಟ್ಟಿ) ಹಾಕಿ ದೋಷ ಕಂಡವರಿಗೂ ಇದೇ ಮದ್ದು: ಪಟ್ಟಿಗೆ ಎಕ್ಸ್‌ಪ್ಯಾಂಡೆಡ್ ತೊಡಿಸಿ.

ಪ್ರಶ್ನೆ: ನಮ್ಮ ಆ್ಯಪ್‌ಗೆ ಕನ್ನಡ ಸೇರಿಸಿದ ಮೇಲೆ ಬಟನ್‌ಗಳಲ್ಲಿ ಒತ್ತಕ್ಷರಗಳ ತಳ ಕತ್ತರಿಸಿಹೋಗುತ್ತಿದೆ. ಫಾಂಟ್ ಬದಲಿಸಬೇಕೇ?
– ಆ್ಯಪ್ ಡೆವಲಪರ್, ಬೆಂಗಳೂರು

ಉತ್ತರ: ಫಾಂಟ್ ಪಾಪ, ಅದರದೇನೂ ತಪ್ಪಿಲ್ಲ. ಬಟನ್‌ಗೆ 36 ಎಂದೋ 40 ಎಂದೋ ಎತ್ತರ ಬರೆದಿಟ್ಟಿರುತ್ತೀರಿ, ಸಾಲಿನ ಎತ್ತರ (ಅಕ್ಷರದ ಗಾತ್ರದ ಎಷ್ಟು ಪಟ್ಟು ಎಂಬ ಲೆಕ್ಕ) 1 ಎಂದಿರುತ್ತದೆ. ಇಂಗ್ಲಿಷ್‌ಗೆ ಅದು ಸಾಕು. ‘ರಾಷ್ಟ್ರೀಯ’ದಲ್ಲಿ ಷಕಾರದ ಕೆಳಗೆ ಎರಡು ಒತ್ತುಗಳಿವೆ, ಅವು ಎಲ್ಲಿಗೆ ಹೋಗಬೇಕು? ನಿಗದಿತ ಎತ್ತರ ತೆಗೆದು ಮೇಲೆ ಕೆಳಗೆ ಪ್ಯಾಡಿಂಗ್ (ಅಂಚಿನ ಖಾಲಿ ಜಾಗ) ಕೊಡಿ, ಕನಿಷ್ಠ ಎತ್ತರ 48 ಎಂದಷ್ಟೇ ಹೇಳಿ (ಬೆರಳಿಗೆ ಸಿಗಲು ಗೂಗಲ್‌ನ ಮೆಟೀರಿಯಲ್ ವಿನ್ಯಾಸ ಸೂತ್ರಗಳು ಹೇಳುವ ಅಳತೆಯೂ ಅದೇ). ಸಾಲಿನ ಎತ್ತರವನ್ನು 1.4ರಿಂದ 1.5ರ ಆಸುಪಾಸಿನಲ್ಲಿಟ್ಟು ನೋಡಿ. ಐಕಾನ್ ಪಕ್ಕದ ಪದ ಉದ್ದವಾಗಿ ರೋ (ಅಕ್ಕಪಕ್ಕ ಜೋಡಿಸುವ ಸಾಲು) ದಾಟುತ್ತಿದ್ದರೆ ಟೆಕ್ಸ್ಟ್ ಅನ್ನು, ಇದ್ದ ಜಾಗಕ್ಕೆ ಹೊಂದಿಸುವ ಫ್ಲೆಕ್ಸಿಬಲ್ ಒಳಗಿಡಿ, ಆಗ ಎರಡನೇ ಸಾಲಿಗೆ ಇಳಿಯುತ್ತದೆ.

ಪರೀಕ್ಷಿಸುವಾಗ ‘ಮನೆ’, ‘ಮರ’ ಎಂದು ಬರೆದು ತೃಪ್ತರಾಗಬೇಡಿ. ‘ರಾಷ್ಟ್ರೀಯ’, ‘ಸ್ತ್ರೀ’, ‘ವಿದ್ಯಾರ್ಥಿ’ ಹಾಕಿ, ಫೋನಿನ ಅಕ್ಷರದ ಗಾತ್ರವನ್ನು ಕೊನೆಯವರೆಗೂ ಎಳೆದು ನೋಡಿ. ಆಂಡ್ರಾಯ್ಡ್ 14ರಿಂದ ಅದು ಶೇ 200ರವರೆಗೆ ಹೋಗುತ್ತದೆ. ವಿನ್ಯಾಸ ಕೆಡುತ್ತದೆಂದು ಆ್ಯಪ್‌ನೊಳಗೆ ಅಕ್ಷರ ದೊಡ್ಡದಾಗದಂತೆ ತಡೆಯುವವರಿದ್ದಾರೆ. ಕನ್ನಡಕ ಹುಡುಕಿ ಸುಸ್ತಾಗಿ ಅಕ್ಷರ ದೊಡ್ಡದು ಮಾಡಿಕೊಂಡವರ ಮೇಲೆ ಇದು ಶುದ್ಧ ದಬ್ಬಾಳಿಕೆ.

ಪ್ರಶ್ನೆ: ಹೊಸ ಫೋನ್‌ಗಳಲ್ಲಿ ತಳದ ಬಟನ್ ನ್ಯಾವಿಗೇಷನ್ ಪಟ್ಟಿಯ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕೋಡ್ ಮುಟ್ಟಿಯೇ ಇಲ್ಲ!
– ಓದುಗರು, ಮೈಸೂರು

ಉತ್ತರ: ಕೋಡ್ ಮುಟ್ಟಿರಲಿಕ್ಕಿಲ್ಲ, ಟಾರ್ಗೆಟ್ ಎಸ್‌ಡಿಕೆ (ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಹೊಂದಿದೆ ಎಂದು ಹೇಳುವ ಅಂಕಿ) 35ಕ್ಕೆ ಏರಿಸಿರುತ್ತೀರಿ. ಹಾಗೆ ಏರಿಸಿದ ಆ್ಯಪ್‌ಗಳು ಆಂಡ್ರಾಯ್ಡ್ 15ರಲ್ಲಿ ಪರದೆಯ ಅಂಚಿನಿಂದ ಅಂಚಿಗೆ ಹರಡಲೇಬೇಕು. ಬಟನ್ ಅನ್ನು, ಫೋನಿನ ಪಟ್ಟಿಗಳಿಗೆ ತಾಕದಂತೆ ಜಾಗ ಬಿಡುವ ಸೇಫ್‌ಏರಿಯಾ ಒಳಗಿಡಿ. ಕೆಳಗೆ 24 ಪಿಕ್ಸೆಲ್ ಜಾಗ ಬಿಟ್ಟು ಕೈತೊಳೆದುಕೊಳ್ಳಬೇಡಿ. ಮೂರು ಬಟನ್‌ಗಳ ಪಟ್ಟಿ ಇರುವ ಫೋನಿಗೂ ಸ್ವೈಪ್ ಮಾಡುವ ಫೋನಿಗೂ ಆ ಅಳತೆ ಒಂದೇ ಅಲ್ಲ. ಈ ಕಡ್ಡಾಯದಿಂದ ತಪ್ಪಿಸಿಕೊಳ್ಳಲು ಥೀಮ್‌ನಲ್ಲಿ ಒಂದು ವಿನಾಯಿತಿ ಇದೆ, ಆದರೆ ಟಾರ್ಗೆಟ್ 36ಕ್ಕೆ ಏರಿದರೆ ಆಂಡ್ರಾಯ್ಡ್ 16 ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.