ಮಗಳು ಯಾವ ಮನೆಗೆ ಸೇರಲಿ?

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನನ್ನ ಮಗಳು ಕಳೆದ ಆಗಸ್ಟ್‌ನಲ್ಲಿ ಅಮೆರಿಕದ ಮಧ್ಯಭಾಗದ ಒಂದು ವಿಶ್ವವಿದ್ಯಾಲಯಕ್ಕೆ ಪದವಿ ಓದಲು ಸೇರಿದಳು. ಹೋದ ಹದಿನೈದು ದಿನಕ್ಕೇ ‘ಸೊರಾರಿಟಿ’ ಎಂಬ ಹುಡುಗಿಯರ ಸಂಘಗಳ ಆಯ್ಕೆಗೆ ಹೆಸರು ಕೊಟ್ಟಳು. ಒಂದೊಂದು ಸಂಘಕ್ಕೂ ಒಂದೊಂದು ಮನೆ ಇದೆಯಂತೆ, ಎರಡು ದಿನದಲ್ಲಿ ಅಂಥ ಹದಿನಾಲ್ಕು ಮನೆ ಸುತ್ತಿದಳಂತೆ. ತುಂಬ ಮೆಚ್ಚಿಕೊಂಡಿದ್ದ ಮನೆಯವರು ಎರಡನೆಯ ಸುತ್ತಿಗೆ ಕರೆಯಲೇ ಇಲ್ಲ. ಮೂರನೆಯ ಸುತ್ತಿಗೆ ಎರಡೇ ಮನೆ ಉಳಿದವು. ಆ ಬೆಳಿಗ್ಗೆ ಹೆಸರು ಹಿಂದಕ್ಕೆ ಪಡೆದಳು. ರಾತ್ರಿ ಎರಡು ಗಂಟೆಯವರೆಗೆ ಅತ್ತಳಂತೆ, ಕೋಣೆಯ ಗೆಳತಿ ಪಕ್ಕದಲ್ಲೇ ಕುಳಿತಿದ್ದಳಂತೆ. ಈಗ ಜನವರಿಯಲ್ಲಿ ಕೆಲವು ಮನೆಗಳು ಮತ್ತೆ ಸೇರಿಸಿಕೊಳ್ಳುತ್ತವೆ ಎನ್ನುತ್ತಾಳೆ. ಭಾರತೀಯ ಮೂಲದ ಹುಡುಗಿಯರು ಕಟ್ಟಿದ ಇನ್ನೊಂದು ಸಂಘವೂ ಕರೆದಿದೆ. ‘ಅಮ್ಮಾ, ನನಗೆ ಯಾವುದು ಸರಿಹೋಗುತ್ತದೆ?’ ಎಂದು ನನ್ನನ್ನೇ ಕೇಳುತ್ತಾಳೆ. ಅಲ್ಲಿಯವರು ಬಣ್ಣ ನೋಡಿ ಬಿಟ್ಟರೇ? ಗುಟ್ಟಿನ ಪ್ರಮಾಣ, ದೊಡ್ಡ ಖರ್ಚು ಎಲ್ಲ ಇದೆಯಂತೆ. ನಮ್ಮ ಯಜಮಾನರು ‘ಓದಲು ಹೋದವಳಿಗೆ ಇದೆಲ್ಲ ಏಕೆ’ ಎನ್ನುತ್ತಾರೆ. ಬೇಡವೆಂದು ಹೇಳಿಬಿಡಲೇ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ತಂಗೀ, ಬೇಡವೆಂದು ಹೇಳಬೇಡಿ. ಸೇರು ಎಂದೂ ಹೇಳಬೇಡಿ. ನಿಮ್ಮ ಮಗಳು ಕೇಳಿರುವುದು ಅಪ್ಪಣೆಯನ್ನಲ್ಲ, ಜೊತೆಗೆ ಕುಳಿತು ಯೋಚಿಸುವವರನ್ನು. ಆ ಯೋಚನೆಗೆ ಬೇಕಾದಷ್ಟನ್ನು ನಾನು ಹೇಳಬಲ್ಲೆ. ಅಮೆರಿಕದ ಇಂಡಿಯಾನಾ ರಾಜ್ಯಕ್ಕೆ ಬಂದ ಮೇಲೆ ಆರು ವರ್ಷ ನಾನು ಇಂಥದೇ ಒಂದು ಮನೆಯ ಲೆಕ್ಕಪತ್ರ ಬರೆದಿದ್ದೇನೆ. ವಾರಕ್ಕೆ ಎರಡು ದಿನದ ಕೆಲಸ. ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ನನ್ನ ಮೇಜು. ಆಮೇಲೆ ನನ್ನ ದೊಡ್ಡ ಮಗಳು ಬೇರೊಂದು ಊರಿನಲ್ಲಿ ಇದೇ ಆಯ್ಕೆಯ ವಾರವನ್ನು ದಾಟಿ ಬಂದಳು.

ಮೊದಲು, ಕರೆಯದೇ ಹೋದ ಆ ಮನೆಯ ಮಾತು. ಆ ಮುಳ್ಳನ್ನು ತೆಗೆಯದೆ ಬೇರೆ ಯಾವ ಮಾತೂ ಅವಳ ಕಿವಿಗೆ ಬೀಳುವುದಿಲ್ಲ. ಹಳಬರು ‘ರಷ್’ ಎಂದೂ ಈಗಿನವರು ‘ರಿಕ್ರೂಟ್‌ಮೆಂಟ್’ ಎಂದೂ ಕರೆಯುವ ಈ ಆಯ್ಕೆಯಲ್ಲಿ ಅರ್ಧ ಭಾಗ ಮನಸ್ಸಿನ ಮಾತು, ಇನ್ನರ್ಧ ಬರಿಯ ಲೆಕ್ಕ. ದೊಡ್ಡ ಸಂಘಗಳದ್ದೊಂದು ಒಕ್ಕೂಟವಿದೆ, 1902ರಲ್ಲಿ ಹುಟ್ಟಿದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್. ಅದರ ಪದ್ಧತಿಯಲ್ಲಿ ಪ್ರತಿ ಸುತ್ತಿಗೂ ಪ್ರತಿ ಮನೆಗೂ ಒಂದು ಅಂಕಿ ಕಟ್ಟಿಕೊಡುತ್ತಾರೆ. ಹಿಂದಿನ ವರ್ಷಗಳಲ್ಲಿ ಆ ಮನೆ ಕರೆದವರಲ್ಲಿ ಎಷ್ಟು ಜನ ಮರಳಿ ಬಂದರು ಎಂದು ನೋಡಿ, ಈ ಸಲ ಇಷ್ಟೇ ಜನರನ್ನು ಕರೆಯಬಹುದು ಎಂದು ನಿಗದಿ ಮಾಡುತ್ತಾರೆ. ಎಲ್ಲರೂ ಬಯಸುವ ಮನೆ ಮೊದಲ ಸುತ್ತಿನಲ್ಲೇ ಬಹಳ ಹುಡುಗಿಯರನ್ನು ಬಿಡಲೇಬೇಕು. ಜಾಗವೇ ಇಲ್ಲದ ಮನೆಯ ಮೇಲೆ ಹುಡುಗಿಯರು ವಾರವಿಡೀ ಆಸೆ ಇಟ್ಟುಕೊಂಡು ಕೊನೆಯ ದಿನ ಬರಿಗೈಯಲ್ಲಿ ಉಳಿಯಬಾರದು ಎಂಬುದು ಇದರ ಉದ್ದೇಶ. ಆದರೆ ಅದನ್ನು ಅನುಭವಿಸುವ ಹದಿನೆಂಟರ ಹುಡುಗಿಗೆ ಕಾಣುವುದು ಒಂದೇ: ಬೆಳಿಗ್ಗೆ ಮೊಬೈಲಿನಲ್ಲಿ ಬಂದ ಪಟ್ಟಿಯಲ್ಲಿ ಆ ಹೆಸರಿಲ್ಲ.

ನಾನು ಕೆಲಸ ಮಾಡುತ್ತಿದ್ದ ಮನೆಯಲ್ಲಿ ಪಟ್ಟಿಯ ಇನ್ನೊಂದು ತುದಿಯನ್ನು ಕಂಡಿದ್ದೇನೆ. ಒಂದು ಗುಂಪಿನ ಹಿಂದೆ ಇನ್ನೊಂದು ಗುಂಪು, ಬಾಗಿಲಲ್ಲಿ ಚಪ್ಪಾಳೆ, ಹಾಡು. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿದ ಹುಡುಗಿಯರು ನನ್ನ ಕೋಣೆಯ ಎದುರು ನೆಲದ ಮೇಲೆ ಕುಳಿತು ಬಿಸಿನೀರಿಗೆ ಜೇನು ಹಾಕಿ ಕುಡಿಯುತ್ತಿದ್ದರು. ‘ಹಸಿರು ಲಂಗದ ಆ ಹುಡುಗಿ, ಕುದುರೆಯ ಬಗ್ಗೆ ಮಾತಾಡಿದಳಲ್ಲ, ಅವಳ ಹೆಸರೇನು?’ ಎಂದು ಒಬ್ಬಳು ಕೇಳಿದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಹಾಗೆ ಸೋತ ಹುಡುಗಿಯರು, ಹತ್ತಿಪ್ಪತ್ತು ನಿಮಿಷದ ಮಾತಿನ ಮೇಲೆ, ಮೇಲಿನಿಂದ ಬಂದ ಅಂಕಿಯೊಳಗೆ ಆರಿಸಿದ ಪಟ್ಟಿ ಅದು. ಅದರಲ್ಲಿ ನಿಮ್ಮ ಮಗಳ ಬೆಲೆ ಬರೆದಿಲ್ಲ. ಇದನ್ನು ಅವಳಿಗೆ ಇದೇ ಮಾತಿನಲ್ಲಿ ಹೇಳಿ.

ಬಣ್ಣದ ಮಾತು. ನಿಮ್ಮ ಅನುಮಾನ ಬುಡವಿಲ್ಲದ್ದಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪತ್ರಿಕೆ, ಎಲ್ಲ ಅರ್ಹತೆ ಇದ್ದ ಕಪ್ಪು ಹುಡುಗಿಯರನ್ನು ಬಿಳಿಯರ ಸಂಘಗಳು ಕೈಬಿಟ್ಟದ್ದನ್ನು ಬಯಲಿಗೆ ತಂದಿತು. ಸಂಘದ ಹಳೆಯ ಸದಸ್ಯೆಯರು ಅಡ್ಡ ಬಂದರು ಎಂದು ಒಳಗಿನ ಹುಡುಗಿಯರೇ ಬಾಯಿಬಿಟ್ಟರು. ದೊಡ್ಡ ಗದ್ದಲವಾಗಿ, ವಿಶ್ವವಿದ್ಯಾಲಯ ಮತ್ತೆ ಬಾಗಿಲು ತೆರೆಸಿತು. ಇದೇನೂ ಮುತ್ತಾತನ ಕಾಲದ ಮಾತಲ್ಲ. ಜಾತಿಗೊಂದು ವಿದ್ಯಾರ್ಥಿ ನಿಲಯವನ್ನು ಕಂಡು ಬೆಳೆದ ನಮಗೆ, ಯಾರನ್ನು ಒಳಗೆ ಬಿಡಬೇಕೆಂಬುದನ್ನು ಮನೆಯ ಹಳಬರು ಹೇಗೆ ತೀರ್ಮಾನಿಸುತ್ತಾರೆ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ನಿಮ್ಮ ಮಗಳ ವಿಷಯದಲ್ಲಿ ಹಾಗಾಯಿತು ಎಂದು ಪುರಾವೆಯಿಲ್ಲದೆ ನಾನು ಹೇಳಲಾರೆ. ಆದರೆ ಜನವರಿಯಲ್ಲಿ ಹೋದಾಗ ಕಣ್ಣು ತೆರೆದಿರಲಿ. ಗೋಡೆಯ ಮೇಲೆ ವರ್ಷವಾರು ಸದಸ್ಯೆಯರ ಭಾವಚಿತ್ರಗಳ ದೊಡ್ಡ ಚೌಕಟ್ಟುಗಳು ತೂಗುಹಾಕಿರುತ್ತವೆ. ನಾಲ್ಕೈದು ವರ್ಷದ ಮುಖಗಳನ್ನು ನಿಧಾನವಾಗಿ ನೋಡಲಿ. ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಅಲ್ಲಿ ಕಾಣುತ್ತದೆ.

ಗುಟ್ಟಿನ ಪ್ರಮಾಣವಚನಕ್ಕೆ ಹೆದರಬೇಡಿ. ಈ ಸಂಘಗಳು ಹುಟ್ಟಿದ್ದು ಹೆಣ್ಣುಮಕ್ಕಳಿಗೆ ಕಾಲೇಜಿನಲ್ಲಿ ನಿಲ್ಲಲು ನೆಲೆಯಿಲ್ಲದ ಕಾಲದಲ್ಲಿ. ಗ್ರೀನ್‌ಕ್ಯಾಸಲ್ ಎಂಬ ಪುಟ್ಟ ಊರು ಇಂಡಿಯಾನಾಪೊಲಿಸ್‌ನಿಂದ ಸುಮಾರು ಒಂದು ಗಂಟೆಯ ದಾರಿ. ಅಲ್ಲಿನ ಕಾಲೇಜಿನಲ್ಲಿ ಹುಡುಗರ ಸಂಘವೊಂದು ಬೆಟ್ಟಿ ಲಾಕ್ ಎಂಬ ವಿದ್ಯಾರ್ಥಿನಿಗೆ ‘ನಮ್ಮ ಪದಕ ಧರಿಸು’ ಎಂದಿತಂತೆ, ಸದಸ್ಯತ್ವ ಮಾತ್ರ ಕೊಡಲಿಲ್ಲ. ಅವಳು ಒಪ್ಪದೆ, 1870ರಲ್ಲಿ ಇನ್ನು ಮೂವರನ್ನು ಕೂಡಿಕೊಂಡು ಕಪ್ಪಾ ಆಲ್ಫಾ ಥೀಟಾ ಕಟ್ಟಿದಳು. ಸೊರಾರಿಟಿ ಎಂಬ ಮಾತೂ ಸಿರಕ್ಯೂಸ್ ವಿಶ್ವವಿದ್ಯಾಲಯದ ಒಬ್ಬ ಲ್ಯಾಟಿನ್ ಪ್ರಾಧ್ಯಾಪಕರು 1882ರಲ್ಲಿ ಸೂಚಿಸಿದ್ದು. ಲ್ಯಾಟಿನ್ನಿನ ‘ಸೊರೋರ್’, ನಮ್ಮ ಸಂಸ್ಕೃತದ ‘ಸ್ವಸೃ’, ಎರಡೂ ಒಂದೇ ಬೇರಿನವು. ಎರಡರ ಅರ್ಥವೂ ಸಹೋದರಿ. ಕಟ್ಟಿದವರಲ್ಲಿ ಹೆಚ್ಚಿನವರು ಕ್ರೈಸ್ತರಾದ್ದರಿಂದ ಕೆಲವು ವಿಧಿಗಳಲ್ಲಿ ಆ ನೆರಳು ಉಳಿದಿದೆ. ‘ನನ್ನ ಧರ್ಮಕ್ಕೆ ವಿರುದ್ಧವಾದದ್ದೇನಾದರೂ ಹೇಳಬೇಕಾಗುತ್ತದೆಯೇ?’ ಎಂದು ನೇರವಾಗಿ ಕೇಳುವ ಹಕ್ಕು ಅವಳಿಗಿದೆ. ನಿಜಕ್ಕೂ ಎಚ್ಚರ ಬೇಕಾದದ್ದು ಬೇರೆ ಕಡೆ. ನಾವು ರ‍್ಯಾಗಿಂಗ್ ಎನ್ನುವುದನ್ನು ಅಲ್ಲಿ ಹೇಜಿಂಗ್ ಎನ್ನುತ್ತಾರೆ. 2024ರ ಡಿಸೆಂಬರ್‌ನಲ್ಲಿ ಬಂದ ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನ ಪ್ರಕಾರ, ತಪ್ಪಿತಸ್ಥವೆಂದು ಕಂಡ ಸಂಘಗಳ ವಿವರವನ್ನು ವಿಶ್ವವಿದ್ಯಾಲಯಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಯಾವ ಮನೆಗೆ ಹೋಗುವ ಮೊದಲೂ ಅವಳು ಅದನ್ನು ತೆರೆದು ಓದಲಿ.

ಇನ್ನು ‘ಯಾವುದು ಸರಿಹೋಗುತ್ತದೆ’ ಎಂಬ ಅವಳ ಪ್ರಶ್ನೆ. ನನ್ನ ದೊಡ್ಡ ಮಗಳ ಹೆಸರು ಕ್ಷಮಾ. ಆ ವಾರವಿಡೀ ಅವಳು ಶಾಮಾ, ಕಶಾಮಾ, ಶೇಮಾ ಎಲ್ಲ ಆಗಿದ್ದಳು. ‘ಪರವಾಗಿಲ್ಲ, ಹಾಗೆಯೇ ಕರೆಯಿರಿ’ ಎಂದು ತಾನೇ ಹೇಳಿ ಹೇಳಿ ದಣಿದಿದ್ದಳು. ಒಂದು ಮನೆಯಲ್ಲಿ ಮಾತ್ರ, ಮೂಗಿನ ಮೇಲೆ ಚುಕ್ಕೆಚುಕ್ಕೆ ಇದ್ದ ಒಬ್ಬ ಹುಡುಗಿ ‘ಇನ್ನೊಮ್ಮೆ ಹೇಳು’ ಎಂದು ಮೂರು ಸಲ ಹೇಳಿಸಿಕೊಂಡು, ಪೆನ್ನು ತೆಗೆದು ತನ್ನ ಅಂಗೈ ಮೇಲೆ ತನಗೆ ತಿಳಿದಂತೆ ಅಕ್ಷರ ಬರೆದುಕೊಂಡಳು. ಎರಡು ದಿನದ ನಂತರ ಬಾಗಿಲು ತೆರೆದವಳು ಅವಳೇ. ಅಂಗೈ ನೋಡದೆ ‘ಕ್ಷಮಾ, ಬಾ’ ಎಂದಳು. ಆ ಮನೆ ನನ್ನ ಮಗಳ ಪಟ್ಟಿಯಲ್ಲಿ ಒಂಬತ್ತನೆಯದು. ಅಂದು ರಾತ್ರಿ ದೂರವಾಣಿಯಲ್ಲಿ ಅವಳು ಹೇಳಿದ್ದು ಇಷ್ಟೇ: ‘ಅಮ್ಮಾ, ಅಲ್ಲಿ ನನ್ನ ದನಿ ಬದಲಾಗಲಿಲ್ಲ.’ ಬೇರೆ ಮನೆಗಳಲ್ಲೆಲ್ಲ ಅವಳು ಒಂದು ಶ್ರುತಿ ಮೇಲಿಟ್ಟು ಮಾತಾಡುತ್ತಿದ್ದಳಂತೆ. ಅಲ್ಲಿ ಮಾತ್ರ ನಮ್ಮ ಮನೆಯ ಊಟದ ಮೇಜಿನ ದನಿ ಬಂತು. ಕೊನೆಗೆ ಸೇರಿದ್ದೂ ಅಲ್ಲಿಗೇ.

ಆದರೆ ಇದನ್ನು ಓದಿ, ಒಳ್ಳೆಯ ಮನೆ ಎಂದರೆ ಎಲ್ಲರಿಗೂ ಒಳ್ಳೆಯದು ಎಂದುಕೊಳ್ಳಬೇಡಿ. ನಾನು ಲೆಕ್ಕ ಬರೆಯುತ್ತಿದ್ದ ಮನೆಯಲ್ಲಿ ಒಂದು ಚಳಿಗಾಲ ಒಬ್ಬಳಿಗೆ ಫ್ಲೂ ಬಂದು ಮಲಗಿದ್ದಳು. ಅವಳ ಗೆಳತಿ ಅಡುಗೆಮನೆಯಲ್ಲಿ ಸೂಪ್ ಬಿಸಿ ಮಾಡುತ್ತ, ಇನ್ನೊಂದು ಕೈಯಲ್ಲಿ ಅವಳ ಪ್ರಯೋಗಾಲಯದ ಪುಸ್ತಕ ಹಿಡಿದುಕೊಂಡು, ತಪ್ಪಿದ ತರಗತಿಗಳನ್ನು ಗುರುತು ಹಾಕುತ್ತಿದ್ದಳು. ಅದೇ ಅಡುಗೆಮನೆಯ ಮೂಲೆಯ ಮೇಜಿನಲ್ಲಿ ಮೂರನೆಯ ವರ್ಷದ ಇನ್ನೊಬ್ಬಳು ಪ್ರತಿ ಮಧ್ಯಾಹ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬಳೇ ಊಟ ಮಾಡುತ್ತಿದ್ದಳು. ಅವಳ ಹೆಸರಿನ ಮುಂದೆ ಎಂದೂ ಬಾಕಿ ಇರಲಿಲ್ಲ. ತಿಂಗಳ ಮೊದಲ ದಿನವೇ ಹಣ ಕಟ್ಟುತ್ತಿದ್ದಳು. ವಸತಿಯ ಕರಾರು ಮುಗಿದ ದಿನವೇ ಎರಡು ಪೆಟ್ಟಿಗೆ ಎತ್ತಿಕೊಂಡು ಹೊರಟಳು. ಬಾಗಿಲ ಬಳಿ ನಾನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅವಳೂ ಒಂದು ಆಗಸ್ಟ್‌ನಲ್ಲಿ ಆ ಮನೆಯ ಹೆಸರಿದ್ದ ಲಕೋಟೆ ತೆರೆದು ಕುಣಿದಿದ್ದವಳೇ. ಇಂದಿಗೂ ಅವಳು ನನಗೆ ನೆನಪಾಗುತ್ತಾಳೆ.

ಆದ್ದರಿಂದ ನಿಮ್ಮ ಮಗಳು ಆ ಮನೆಗಳನ್ನು ಅಲಂಕಾರವಿಲ್ಲದ ದಿನ ನೋಡಬೇಕು. ಈ ದೃಷ್ಟಿಯಿಂದ ಜನವರಿ ಅವಳಿಗೆ ಆಗಸ್ಟ್‌ಗಿಂತ ಒಳ್ಳೆಯದು. ಜಾಗ ಉಳಿದಿರುವ ಮನೆಗಳು ಆಗ ಹಾಡು, ಹೂವು, ಸುತ್ತುಗಳಿಲ್ಲದೆ, ಕಾಫಿಗೋ ಊಟಕ್ಕೋ ಕರೆದು ಮಾತಾಡಿಸಿ ಸೇರಿಸಿಕೊಳ್ಳುತ್ತವೆ. ಕೊನೆಯ ಸುತ್ತಿನ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಹೊರಬಂದಿದ್ದರಿಂದ ಅವಳಿಗೆ ಈಗ ಯಾವ ಕಟ್ಟೂ ಇಲ್ಲ. ವಾರದ ನಡುವಿನ ಒಂದು ದಿನ ಮಧ್ಯಾಹ್ನದ ಊಟಕ್ಕೆ ಹೋಗಲಿ. ಯಾರು ಯಾರ ಪಕ್ಕ ಕೂರುತ್ತಾರೆ, ತಟ್ಟೆ ಹಿಡಿದು ನಿಂತವಳಿಗೆ ಯಾರಾದರೂ ಸರಿದು ಜಾಗ ಕೊಡುತ್ತಾರೆಯೇ ನೋಡಲಿ. ಮಾಂಸ ತಿನ್ನದವಳಾದರೆ ದಿನಾ ಏನು ಸಿಗುತ್ತದೆ ಎಂದು ಅಡುಗೆಯವರನ್ನೇ ಕೇಳಲಿ. ಎರಡನೆಯ ವರ್ಷದವಳೊಬ್ಬಳನ್ನು ‘ಹೋದ ತಿಂಗಳು ನಿನಗೆ ಬೇಸರವಾದಾಗ ಯಾರ ಕೋಣೆಗೆ ಹೋದೆ?’ ಎಂದು ಕೇಳಲಿ. ಉತ್ತರ ತಟ್ಟನೆ ಬಂದರೆ ಒಂದು ಅರ್ಥ, ತಡವರಿಸಿದರೆ ಇನ್ನೊಂದು.

ಭಾರತೀಯ ಹುಡುಗಿಯರ ಸಂಘವನ್ನು ಎರಡನೆಯ ದರ್ಜೆಯದೆಂದು ಅವಳು ತಿಳಿಯಬಾರದು, ನೀವೂ ತಿಳಿಯಬಾರದು. 1998ರ ಒಂದೇ ವರ್ಷದಲ್ಲಿ ಹ್ಯೂಸ್ಟನ್ನಿನಲ್ಲಿ ಡೆಲ್ಟಾ ಫೈ ಒಮೇಗಾ, ಆಸ್ಟಿನ್ನಿನಲ್ಲಿ ಕಪ್ಪಾ ಫೈ ಗಾಮಾ, ನ್ಯೂಯಾರ್ಕಿನಲ್ಲಿ ಸಿಗ್ಮಾ ಸಿಗ್ಮಾ ರೋ ಹುಟ್ಟಿದವು. ಅಲ್ಲಿನ ದಕ್ಷಿಣ ಏಷ್ಯಾ ಮೂಲದ ಹುಡುಗಿಯರು ಯಾರ ಬಾಗಿಲಲ್ಲೂ ಕಾಯದೆ ತಮ್ಮದೇ ಬಾಗಿಲು ಕಟ್ಟಿಕೊಂಡರು. ಕಪ್ಪು ಮಹಿಳೆಯರು ಅದನ್ನು 1908ರಲ್ಲೇ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿ ತೋರಿಸಿದ್ದರು. ಚೆನ್ನೈ ಮೂಲದ ತಾಯಿಯ ಮಗಳು ಕಮಲಾ ಹ್ಯಾರಿಸ್ ಸೇರಿದ್ದು ಆ ಆಲ್ಫಾ ಕಪ್ಪಾ ಆಲ್ಫಾ ಸಂಘಕ್ಕೇ. ಇಂಥ ಸಂಘಗಳಲ್ಲಿ ಸದಸ್ಯೆಯರು ಕಡಿಮೆ, ಎಷ್ಟೋ ಕಡೆ ದೊಡ್ಡ ಮನೆ ಇರುವುದಿಲ್ಲ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಪ್ರತಿಯೊಬ್ಬರ ಮೇಲೂ ಕೆಲಸದ ಹೊರೆ ಹೆಚ್ಚು. ಒಂದು ಮಾತು ಮಾತ್ರ ನೆನಪಿರಲಿ: ಅಲ್ಲಿನ ಬಹುಪಾಲು ಹುಡುಗಿಯರು ಅಮೆರಿಕದಲ್ಲೇ ಹುಟ್ಟಿ ಬೆಳೆದವರು. ಶಿವಮೊಗ್ಗದಿಂದ ಹೋದವಳಿಗೆ ಅವರು ತಾನಾಗಿ ನೆಂಟರಾಗಿಬಿಡುವುದಿಲ್ಲ. ದೀಪಾವಳಿ ಇಬ್ಬರದೂ ಹೌದು, ಅದರ ನೆನಪುಗಳು ಬೇರೆ ಬೇರೆ. ಅಲ್ಲಿಯೂ ಅವಳು ತನ್ನ ದನಿ ಬದಲಾಯಿತೇ ಎಂದು ಕೇಳಿಸಿಕೊಳ್ಳಬೇಕು.

ಖರ್ಚಿನ ವಿಷಯ ನನ್ನ ವೃತ್ತಿಯದ್ದು, ಸ್ಪಷ್ಟವಾಗಿ ಹೇಳುತ್ತೇನೆ. ಬಾಯಿಮಾತಿನಲ್ಲಿ ‘ಇಷ್ಟಾಗುತ್ತದೆ’ ಎಂದರೆ ಒಪ್ಪಬೇಡಿ, ಬರಹದಲ್ಲಿ ಪಡೆಯಿರಿ. ಹೊಸ ಸದಸ್ಯೆಯ ಶುಲ್ಕ, ಪದಕದ ಬೆಲೆ, ಕೇಂದ್ರ ಸಂಘಕ್ಕೆ ಹೋಗುವ ಪಾಲು, ಮನೆಯಲ್ಲಿ ವಾಸವಿಲ್ಲದವರೂ ಕಟ್ಟಬೇಕಾದ ಮನೆ ನಿರ್ವಹಣೆಯ ಹಣ, ಊಟದ ಹಣ, ಸಭೆ ತಪ್ಪಿಸಿದರೆ ದಂಡ, ಇವೆಲ್ಲ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಮೊದಲ ಸೆಮಿಸ್ಟರ್ ಎಲ್ಲಕ್ಕಿಂತ ಭಾರ. ಬಹಳ ಮನೆಗಳಲ್ಲಿ ಎರಡನೆಯ ವರ್ಷ ಅಲ್ಲೇ ವಾಸಿಸಬೇಕೆಂಬ ನಿಯಮವಿದೆ. ಅದರ ಕರಾರಿಗೆ ಸಹಿ ಹಾಕಿದ ಮೇಲೆ, ಸಂಘ ಬಿಟ್ಟರೂ ಬಾಡಿಗೆ ಬಿಡುವುದಿಲ್ಲ. ಇನ್ನೂ ದೊಡ್ಡ ಮಾತೊಂದಿದೆ: ಪ್ಯಾನ್‌ಹೆಲೆನಿಕ್ ಒಕ್ಕೂಟದ ಒಂದು ಸಂಘದಲ್ಲಿ ದೀಕ್ಷೆ ಪಡೆದವಳು ಆ ಒಕ್ಕೂಟದ ಇನ್ನೊಂದು ಸಂಘಕ್ಕೆ ಎಂದೂ ಸೇರುವಂತಿಲ್ಲ. ಅವಸರದಲ್ಲಿ ಹೂಂ ಎನ್ನಬಾರದು ಎನ್ನುವುದು ಇದಕ್ಕೇ.

ನಿಮ್ಮ ಯಜಮಾನರ ಮಾತಿನಲ್ಲೂ ಅರ್ಥವಿದೆ. ಸೇರಿದ ಮೊದಲ ಕೆಲವು ವಾರ ಸಭೆ, ಪರಿಚಯ, ಸೇವಾ ಕಾರ್ಯಕ್ರಮ ಎಂದು ಸಂಜೆಗಳು ಹೋಗುತ್ತವೆ. ಕಷ್ಟದ ಪಾಠಗಳಿರುವ ಸೆಮಿಸ್ಟರ್ ಆದರೆ ತಡೆದು ನೋಡುವುದೇ ಲೇಸು. ನನ್ನ ಚಿಕ್ಕ ಮಗಳು ಯಾವ ಮನೆಯನ್ನೂ ಸೇರಲಿಲ್ಲ. ವಿಶ್ವವಿದ್ಯಾಲಯದ ವಾದ್ಯವೃಂದದಲ್ಲಿ ಕೊಳಲು ನುಡಿಸಿಕೊಂಡು ನಾಲ್ಕು ವರ್ಷ ಸುಖವಾಗಿದ್ದಳು. ಮತ್ತೆ, ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದ ಆ ಕೋಣೆಯ ಗೆಳತಿ, ರಾತ್ರಿ ಎರಡು ಗಂಟೆಯವರೆಗೆ ಪಕ್ಕದಲ್ಲಿ ಕುಳಿತವಳು, ಯಾವ ಊರಿನವಳು, ಏನು ಓದುತ್ತಾಳೆ? ಈ ಭಾನುವಾರ ಮಗಳು ಕರೆ ಮಾಡಿದಾಗ ಮೊದಲು ಅವಳ ಸುದ್ದಿ ವಿಚಾರಿಸಿ.

ಜನವರಿಯಲ್ಲಿ ಯಾವುದಾದರೂ ಮನೆಯಿಂದ ಕರೆ ಬಂದು ಮಗಳಿಗೂ ಮನಸ್ಸಾದರೆ, ಸಹಿ ಹಾಕುವ ಮೊದಲು ಶುಲ್ಕದ ಪಟ್ಟಿಯನ್ನೂ ವಸತಿ ಕರಾರನ್ನೂ ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಕಳಿಸಿ. ಸಾಲುಸಾಲಾಗಿ ಓದಿ, ಯಾವ ಸಾಲಿನ ಕೆಳಗೆ ಗೆರೆ ಎಳೆಯಬೇಕೋ ಎಳೆದು ಕೂಡಲೇ ಹಿಂದಿರುಗಿಸುತ್ತೇನೆ.