ನಕ್ಷೆಯಲ್ಲಿ ಗೆರೆ ಇಲ್ಲದ ಎಂಡ್‌ಪಾಯಿಂಟನ್ನು ಅಳಿಸಬಹುದೇ?

ಯಾವ ಸರ್ವಿಸ್ ಯಾವುದನ್ನು ಕರೆಯುತ್ತದೆ ಎಂದು ಗೆರೆಗಳಲ್ಲಿ ತೋರಿಸುವ ಅವಲಂಬನೆಯ ನಕ್ಷೆಯಲ್ಲಿ ಯಾರೂ ಕರೆಯದಂತೆ ಕಾಣುವ ಎಂಡ್‌ಪಾಯಿಂಟನ್ನು (ಸರ್ವಿಸ್ ಒಂದನ್ನು ಕರೆಯಲು ಇರುವ ವಿಳಾಸ) ಅಳಿಸಬಹುದೇ, ಅದನ್ನು ನೋಡಲು ಇಂಥ ನಕ್ಷೆ ಕೊಡುವ ಟೂಲ್‌ಗಳಾದ ಜೇಗರ್ ಮೇಲೋ ಸ್ಕೈವಾಕಿಂಗ್ ಮೇಲೋ ಎಂದು ಕೇಳಿದ್ದೀರಿ. ನಾನು ಅಳಿಸಿದ್ದೆ.

ಆಗ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಬಿಲ್ಲಿಂಗ್ ಸರ್ವಿಸ್ ನೋಡಿಕೊಳ್ಳುತ್ತಿದ್ದೆ. ತೆರಿಗೆ ಲೆಕ್ಕ ಹಾಕುವ ಹಳೆಯ ಎಂಡ್‌ಪಾಯಿಂಟಿಗೆ 7 ದಿನಗಳ ನಕ್ಷೆಯಲ್ಲಿ ಒಂದು ಗೆರೆಯೂ ಬಂದಿರಲಿಲ್ಲವಾದ್ದರಿಂದ, 22ನೇ ತಾರೀಖು ಅದನ್ನು ಕಿತ್ತುಹಾಕಿದೆ. ಮುಂದಿನ ತಿಂಗಳ 1ನೇ ತಾರೀಖು ಬೆಳಗಿನ ಜಾವ, ತಿಂಗಳಿಗೊಮ್ಮೆ ಮಾತ್ರ ಓಡುವ ಇನ್‌ವಾಯ್ಸ್ ಜಾಬ್ ಅದನ್ನು ಕರೆದು, 404 (ಅಂಥದ್ದೇನೂ ಇಲ್ಲ ಎಂಬ ಉತ್ತರ) ಪಡೆದು, ಅರ್ಧಕ್ಕೇ ನಿಂತಿತು.

30 ದಿನಗಳ ನಕ್ಷೆ ನೋಡಬೇಕಿತ್ತು ಎಂದು ಎಲ್ಲರೂ ಹೇಳಿದರು. ಅದನ್ನು ನೋಡಿದ್ದರೂ ಬಹುಶಃ ಏನೂ ಕಾಣುತ್ತಿರಲಿಲ್ಲ, ಏಕೆಂದರೆ ನಮ್ಮ ನಕ್ಷೆ ಮೂಡುತ್ತಿದ್ದದ್ದು ಟ್ರೇಸ್‌ಗಳಿಂದ (ಒಂದು ವಿನಂತಿ ಸಾಗಿದ ದಾರಿಯ ದಾಖಲೆ), ನಾವು ಇಟ್ಟುಕೊಳ್ಳುತ್ತಿದ್ದದ್ದು 100 ಟ್ರೇಸ್‌ಗಳಲ್ಲಿ 1 ಮಾತ್ರ. ಜಾಬ್ 20 ಸಲ ಕರೆಯುತ್ತದೆ, ಒಂದಾದರೂ ಸಿಕ್ಕೀತು ಎನ್ನಬೇಡಿ. ಪ್ರತಿ ಕರೆಯೂ ಬೇರೆ ಟ್ರೇಸ್ ಆಗಿದ್ದರೂ ಒಂದೂ ಸಿಗದಿರುವ ಸಾಧ್ಯತೆ ಸುಮಾರು ಶೇ. 82. ನಮ್ಮಲ್ಲಂತೂ ಇಡೀ ಜಾಬ್ ಒಂದೇ ಟ್ರೇಸ್ ಆಗಿತ್ತು, ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ತೀರ್ಮಾನ ಅದರ ಮೊದಲ ಸ್ಪ್ಯಾನ್‌ನಲ್ಲೇ, ಅಂದರೆ ಮೊದಲ ಹೆಜ್ಜೆಯಲ್ಲೇ, ಆಗಿಬಿಡುತ್ತಿತ್ತು, ಹಾಗಾಗಿ 20 ಕರೆಗಳೂ ಒಟ್ಟಿಗೇ ಮಾಯವಾಗುವ ಸಾಧ್ಯತೆ ಶೇ. 99. ನಾನು ಗೆರೆ ಇಲ್ಲದಿರುವುದನ್ನು ಕರೆ ಇಲ್ಲದಿರುವುದಕ್ಕೆ ಸಾಕ್ಷಿ ಎಂದುಕೊಂಡೆ. ಆ ನಕ್ಷೆಗೆ ಹೇಳಲು ಬರುತ್ತಿದ್ದದ್ದು ಇರುವ ಕರೆಗಳ ಬಗ್ಗೆ ಮಾತ್ರ, ಅದೂ ಕಣ್ಣಿಗೆ ಬಿದ್ದವುಗಳ ಬಗ್ಗೆ.

ಆದ್ದರಿಂದ ಯಾವ ಟೂಲ್ ಎಂಬ ಪ್ರಶ್ನೆಯೇ ನನಗೆ ಅಸಂಗತವಾಗಿ ತೋರುತ್ತದೆ. ಸ್ಕೈವಾಕಿಂಗ್ ಎಂಡ್‌ಪಾಯಿಂಟ್ ಮಟ್ಟದ ನಕ್ಷೆಯನ್ನು ನೇರವಾಗಿ ಕೊಡುತ್ತದೆ ನಿಜ, ಆದರೆ ಏಜೆಂಟ್ (ಸರ್ವಿಸ್ ಜೊತೆ ಓಡುತ್ತಾ ಸ್ಪ್ಯಾನ್‌ಗಳನ್ನು ದಾಖಲಿಸುವ ತುಣುಕು) ಕಳುಹಿಸದ ಸ್ಪ್ಯಾನ್‌ಗೆ ಯಾವ ಟೂಲೂ ಗೆರೆ ಎಳೆಯಲಾರದು. ಸರ್ವಿಸ್‌ಗಳ ನಡುವೆ ಸಂದೇಶ ಸಾಗಿಸುವ ಕಾಫ್ಕಾ ಮೂಲಕ ಹೋಗುವ ಸಂದೇಶದ ಹೆಡರ್‌ನಲ್ಲಿ ಟ್ರೇಸ್ ಐಡಿ ದಾಟಿಸದಿದ್ದರೂ ಗೆರೆ ಅಲ್ಲಿಗೇ ತುಂಡಾಗುತ್ತದೆ. ಇನ್ನೊಂದು ಮಾತು: ಅ, ಆ, ಇ ಎಂಬ ಮೂರು ಸರ್ವಿಸ್‌ಗಳಲ್ಲಿ ಅ ಯಿಂದ ಆ ಗೆ, ಆ ಯಿಂದ ಇ ಗೆ ಗೆರೆಗಳಿದ್ದ ಮಾತ್ರಕ್ಕೆ ಅ ಯಿಂದ ಹೊರಟ ವಿನಂತಿ ಇ ತಲುಪುತ್ತದೆ ಎಂದೇನೂ ಅಲ್ಲ.

ನಿಧಾನಗತಿ ಎಲ್ಲಿಂದ ಹರಡುತ್ತಿದೆ ಎಂದು ಹುಡುಕಲು ನಕ್ಷೆಯನ್ನು ಧಾರಾಳವಾಗಿ ಬಳಸಿ. ಅಳಿಸಲು ಮಾತ್ರ, ಹೊರಗಿನ ಕರೆಗಳು ಒಳಬರುವ ಗೇಟ್‌ವೇಯ ಆಕ್ಸೆಸ್ ಲಾಗ್ (ಬಂದ ಕರೆಗಳ ದಾಖಲೆ) ನೋಡಿ, ಗೇಟ್‌ವೇ ದಾಟದ ಒಳಗಿನ ಕರೆಗಳಿಗಾಗಿ ಆ ಎಂಡ್‌ಪಾಯಿಂಟಿನಲ್ಲೇ ಕರೆದವರ ಹೆಸರಿನೊಂದಿಗೆ ಎಣಿಸುವ ಒಂದು ಕೌಂಟರ್ ಇಡಿ, ಏಕೆಂದರೆ ಅದು ಪ್ರತಿ ಕರೆಯನ್ನೂ ಎಣಿಸುತ್ತದೆ. ಆಮೇಲೆ ಹಗಲಿನಲ್ಲಿ, ಎಲ್ಲರೂ ಕಚೇರಿಯಲ್ಲಿರುವಾಗ, ಒಂದು ಗಂಟೆ ಅದನ್ನು ಮುಚ್ಚಿ ನೋಡಿ. ಹಣಕಾಸು ವರ್ಷದ ಕೊನೆಗೆ ಮಾತ್ರ ಓಡುವ ಜಾಬ್‌ಗಳು ನಿಮ್ಮಲ್ಲಿದ್ದರೆ, ಏಪ್ರಿಲ್ ಕಳೆಯುವವರೆಗೂ ಅದಕ್ಕೆ ಕೈ ಹಾಕಬೇಡಿ.