ತೀರ್ಥಹಳ್ಳಿಯಿಂದ ಹ್ಯಾಂಬರ್ಗಿಗೆ ಕಾಳುಮೆಣಸು: ಹಡಗಿನ ದರ, ದಿನ ಎರಡೂ ಯಾಕೆ ನಿಲ್ಲುತ್ತಿಲ್ಲ?

ತೀರ್ಥಹಳ್ಳಿಯಿಂದ ಇಪ್ಪತ್ತು ಅಡಿ ಕಂಟೇನರಿನಲ್ಲಿ 15 ಟನ್ ಮೆಣಸು ಕಳಿಸಬೇಕು, ಮಂಗಳೂರಿನ ಫಾರ್ವರ್ಡರ್ (ಹಡಗಿನ ಸಾಗಣೆ ಏಜೆಂಟ್) ಹದಿನೈದು ದಿನಕ್ಕೊಂದು ದರ ಹೇಳುತ್ತಾರೆ, ತಲುಪುವ ದಿನ ಮಾತ್ರ ಹೇಳುವುದಿಲ್ಲ, ಆಟ ಆಡಿಸುತ್ತಿದ್ದಾರಾ ಅಂತ ಕೇಳಿದ್ದೀರಿ. ಇಲ್ಲ. ಅವರ ಕೈಯಲ್ಲೂ ಹೆಚ್ಚೇನಿಲ್ಲ.

2023ರ ನವೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನಿನ ಹೌತಿ ಬಂಡುಕೋರರು ಹಡಗುಗಳ ಮೇಲೆ ಬೀಳತೊಡಗಿದ ಮೇಲೆ ದೊಡ್ಡ ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿದವು. ಅದರಿಂದ ಸುಮಾರು 10-14 ದಿನ ಹೆಚ್ಚು. ಒಂದು ಸುತ್ತಿಗೆ ಹೆಚ್ಚು ದಿನ ಹಿಡಿದರೆ ಅದೇ ವಾರದ ಸರ್ವಿಸ್ ನಡೆಸಲು ಹೆಚ್ಚು ಹಡಗು ಬೇಕು, ಖಾಲಿ ಕಂಟೇನರ್ ವಾಪಸ್ ಬರುವುದೂ ತಡ. ದರ ಏರುವುದು ಇಲ್ಲಿ. ಮೇಲಿಂದ ಯೂರೋಪಿನ ಕಾರ್ಬನ್ ಖರ್ಚು: ಹೊರಗಿನಿಂದ ಯೂರೋಪಿಗೆ ಬರುವ ಯಾನದ ಅರ್ಧ ಹೊಗೆ ಲೆಕ್ಕಕ್ಕೆ ಬರುತ್ತದೆ, ಅದರಲ್ಲಿ 2024ರದ್ದರ 40%ಗೆ, 2025ರದ್ದರ 70%ಗೆ, 2026ರಿಂದ ಪೂರ್ತಿಗೆ ಹಡಗಿನವರು ಪರ್ಮಿಟ್ ಕೊಳ್ಳಬೇಕು. ಅದು ಸರ್‌ಚಾರ್ಜ್ ಆಗಿ ನಿಮ್ಮ ಬಿಲ್ಲಿಗೇ ಬರುತ್ತದೆ. ನವಮಂಗಳೂರಿನಿಂದ ಹೋಗುವುದು ಸಾಮಾನ್ಯವಾಗಿ ಫೀಡರ್, ಅಂದರೆ ದೊಡ್ಡ ಬಂದರಿಗೆ ಮಾಲು ಮುಟ್ಟಿಸುವ ಸಣ್ಣ ಹಡಗು. ಕೊಲಂಬೊದಂಥ ಕಡೆ ದೊಡ್ಡ ಹಡಗಿಗೆ ಬದಲಾಗುವಾಗ ಒಂದು ತಪ್ಪಿದರೆ ಮುಂದಿನದ್ದು ಬರುವವರೆಗೆ ಮಾಲು ಅಲ್ಲೇ.

ನನ್ನ ಪ್ರಕಾರ ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ದರಕ್ಕಲ್ಲ, ತೇವಕ್ಕೆ. ಆಫ್ರಿಕಾದ ತುದಿ ಸುತ್ತುವ ಈ ಕೇಪ್ ದಾರಿಯಲ್ಲಿ ಕಂಟೇನರ್ ಭೂಮಧ್ಯರೇಖೆಯನ್ನು ಎರಡು ಸಲ ದಾಟುತ್ತದೆ: ಸೆಕೆ, ತಂಪು, ಮತ್ತೆ ಸೆಕೆ, ಕೊನೆಗೆ ಯೂರೋಪಿನ ಚಳಿ. ಒಳಗಿನ ಆವಿ ತಗಡಿನ ಮಾಡಿಗೆ ತಾಗಿ ಬೆವರುತ್ತದೆ, ಮೇಲಿನ ಸಾಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ, ಅಲ್ಲಿಂದ ಬೂಷ್ಟು. ಯೂರೋಪಿನಲ್ಲಿ ಮೆಣಸಿಗೆ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಬಿ1ರ ಮಿತಿ ಕಿಲೋಗೆ 5 ಮೈಕ್ರೋಗ್ರಾಂ ಮಾತ್ರ.

ಲೆಕ್ಕ ನೋಡಿ. 15 ಟನ್ ಮೆಣಸಿನಲ್ಲಿ ತೇವ 12% ಇದ್ದರೆ ಒಳಗೆ 1,800 ಲೀಟರ್ ನೀರು. ಪ್ರತಿ 1%ಗೆ 150 ಲೀಟರ್. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡಿನ ಒಂದೊಂದು ಕಿಲೋದ ಎಂಟು ಪಟ್ಟಿಗಳನ್ನು ಕಂಟೇನರಿನಲ್ಲಿ ತೂಗುಹಾಕಿದರೂ ಅವು ತಮ್ಮ ತೂಕದ ಒಂದೆರಡು ಪಟ್ಟು ನೀರಷ್ಟೇ ಹೀರುತ್ತವೆ. ಸರಿಯಾಗಿ ಒಣಗದ ಕಾಳುಮೆಣಸನ್ನು ಅವು ಕಾಪಾಡುವುದಿಲ್ಲ, ಗಾಳಿಯ ತೇವವನ್ನು ಮಾತ್ರ ಹಿಡಿಯುತ್ತವೆ. ಮೆಣಸನ್ನು 11%ಗಿಂತ ಕೆಳಗೆ ತನ್ನಿ. ಅಳೆಯುವುದು ಅಂಗಳದಲ್ಲಿ ಒಣಗಿಸಿದ ದಿನವಲ್ಲ, ಕಂಟೇನರಿಗೆ ತುಂಬುವ ದಿನ. ಮಲೆನಾಡಿನ ಜುಲೈ ಗಾಳಿಯಲ್ಲಿ ಗೋಣಿಚೀಲದ ಮೆಣಸು ತೇವ ಮರಳಿ ಎಳೆದುಕೊಳ್ಳುತ್ತದೆ. ಒಳಗೆ ಪ್ಲಾಸ್ಟಿಕ್ ಚೀಲ ಇರಲಿ.

ತುಂಬುವ ಮೊದಲು ಒಬ್ಬರು ಕಂಟೇನರ್ ಒಳಗೆ ನಿಂತು ಬಾಗಿಲು ಹಾಕಿಸಿ. ಎಲ್ಲಾದರೂ ಬೆಳಕು ಕಂಡರೆ ಆ ಡಬ್ಬ ಬೇಡ ಅನ್ನಿ. ನೆಲದ ಹಲಗೆ ಒದ್ದೆಯಿದ್ದರೂ ಬೇಡ. ಗೋಡೆಗೆ, ಮೇಲಿನ ಸಾಲಿಗೆ ದಪ್ಪ ಕ್ರಾಫ್ಟ್ ಕಾಗದ ಹೊದಿಸಿ. ಮರದ ಪ್ಯಾಲೆಟ್ ಇದ್ದರೆ ಐಎಸ್‌ಪಿಎಂ 15 ಮುದ್ರೆ (ಮರಕ್ಕೆ ಕೀಟ ನಿವಾರಣೆ ಆಗಿದೆ ಅನ್ನುವ ಗುರುತು) ಬೇಕು.

ಕಂಟೇನರನ್ನು ತೀರ್ಥಹಳ್ಳಿಗೇ ತರಿಸುವ ಆಸೆ ಬಿಡಿ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಕ್ಕೆ ನಿರ್ಬಂಧ, ಮಳೆಗಾಲದಲ್ಲಿ ಬೇರೆ ಘಾಟಿಗಳಲ್ಲೂ ಗುಡ್ಡ ಜಾರುತ್ತದೆ. ಲಾರಿಯಲ್ಲಿ ಇಳಿಸಿ, ಪಣಂಬೂರಿನ ಆಸುಪಾಸಿನ ಸಿಎಫ್‌ಎಸ್‌ನಲ್ಲಿ (ಕಂಟೇನರ್ ತುಂಬುವ ಗೋದಾಮಿನಲ್ಲಿ) ತುಂಬಿಸಿ. ಹಡಗಿನ ಕಟ್‌ಆಫ್‌ಗೆ (ಮಾಲು ಒಪ್ಪಿಸುವ ಕೊನೆಯ ಗಡುವಿಗೆ) ಎರಡು-ಮೂರು ದಿನ ಮೊದಲೇ ಮಾಲು ಕೆಳಗಿರಲಿ. ವಿಜಿಎಂ, ಅಂದರೆ ತುಂಬಿದ ಕಂಟೇನರಿನ ತೂಕದ ಪತ್ರ, ಇಲ್ಲದಿದ್ದರೆ ಹಡಗಿಗೆ ಏರಿಸುವುದಿಲ್ಲ. 2016ರ ಜುಲೈಯಿಂದ ಅದು ಕಡ್ಡಾಯ.

ವಿಮೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸರಕಿಗೆ ಅತಿ ಹೆಚ್ಚು ರಕ್ಷಣೆ ಕೊಡುವ ಐಸಿಸಿ ಎ ಪಾಲಿಸಿ ಇದ್ದರೂ ತಡವಾದದ್ದರಿಂದ ಆದ ನಷ್ಟ ಅದರಲ್ಲಿಲ್ಲ, ಯುದ್ಧದ ಅಪಾಯಕ್ಕೆ ಬೇರೆ ಕಂತು. ಆದರೂ ವಿಮೆ ಇಲ್ಲದೆ ಕಳಿಸಬೇಡಿ: ‘ಜನರಲ್ ಆವರೇಜ್’ ಘೋಷಣೆಯಾದರೆ ನಿಮ್ಮ ಮಾಲು ಚೆನ್ನಾಗಿದ್ದರೂ ಹಡಗು ಉಳಿಸಿದ ಖರ್ಚಿನ ಪಾಲು ಕೊಟ್ಟೇ ಬಿಡಿಸಿಕೊಳ್ಳಬೇಕು. 2021ರಲ್ಲಿ ಸೂಯೆಜ್‌ನಲ್ಲಿ ಸಿಕ್ಕಿಕೊಂಡ ಎವರ್ ಗಿವನ್‌ನಲ್ಲಿ ಹಾಗೇ ಆಯಿತು. ದೂರದ ಮಾತೂ ಅಲ್ಲ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಕೊಚ್ಚಿಯ ಬಳಿ ಮುಳುಗಿತು, ಜೂನ್ 9ರಂದು ವಾನ್ ಹೈ 503 ಕೇರಳದಾಚೆ ಹೊತ್ತಿ ಉರಿಯಿತು.

ಮೊದಲ ಸಲಕ್ಕೆ ನಾನಾದರೆ ಸಿಐಎಫ್ ದರ (ಹಡಗಿನ ಬಾಡಿಗೆ, ವಿಮೆ ಸೇರಿದ್ದು) ಕೊಡುವುದಿಲ್ಲ, ಎಫ್‌ಸಿಎ ಮಂಗಳೂರು (ಮಂಗಳೂರಿನಲ್ಲಿ ಮಾಲು ಒಪ್ಪಿಸುವವರೆಗಿನ ದರ) ಅನ್ನುತ್ತೇನೆ. ಹಡಗಿನ ಬಾಡಿಗೆಯ ಏರಿಳಿತ ಆಗ ಖರೀದಿದಾರರದ್ದು. ಅವರು ಒಪ್ಪದೆ ಸಿಐಎಫ್ಫೇ ಬೇಕೆಂದರೆ, ದರದ ಪಕ್ಕದಲ್ಲಿ ಅದು ಯಾವ ತಾರೀಖಿನವರೆಗೆ ಊರ್ಜಿತ ಅಂತ ಬರೆಯಿರಿ. ಎಲ್‌ಸಿಯಲ್ಲಿ (ಖರೀದಿದಾರರ ಬ್ಯಾಂಕು ಕೊಡುವ ಹಣದ ಖಾತರಿ ಪತ್ರದಲ್ಲಿ) ಕೊನೆಯ ಶಿಪ್‌ಮೆಂಟ್ ದಿನವನ್ನು ಒಂದು ಫೀಡರ್ ತಪ್ಪಿದರೂ ಮುಂದಿನದ್ದು ಸಿಗುವಷ್ಟು ಸಡಿಲವಾಗಿ ಹಾಕಿಸಿಕೊಳ್ಳಿ.